ಬಾಗಿಲ ಮೇಲಿನ ಜಮಖಾನ

ಅಕ್ಟೋಬರ್ 12, ಭಾನುವಾರ
ಬೆಳಿಗ್ಗೆ ನಾಲ್ವರು ಇಟಲಿಯ ಪ್ರವಾಸಿಗರು. ಒಳಮನೆಯ ಜಗಲಿಗಳು, ಗೋಡೆ ತುಂಬ ಬುಟ್ಟಿ, ಎಲ್ಲ ತೋರಿಸಿದ್ದಾಯಿತು. ಕೊನೆಗೆ ಬಾಗಿಲ ಮೇಲೆ ಸುತ್ತಿಟ್ಟ ಜಮಖಾನ. ನಮ್ಮ ಹರಾರ್ ಊರಿನಲ್ಲಿ ಇದು ಕಂಡರೆ ಆ ಮನೆಯಲ್ಲಿ ಮದುವೆ ವಯಸ್ಸಿಗೆ ಬಂದ ಹುಡುಗಿ ಇದ್ದಾಳೆಂದು ಅರ್ಥ, ಅಂದೆ. ಎಲ್ಲರೂ ತಿರುಗಿ ಕಾಫಿ ತರುತ್ತಿದ್ದ ಬೆದ್ರಿಯಾಳನ್ನು ನೋಡಿದರು. ನಕ್ಕರು. ಅವಳೂ ನಕ್ಕಳು. ನನ್ನ ತಂಗಿಗೆ ಮೂವತ್ತೊಂಬತ್ತು. ಪ್ರತಿ ಸಲ ಈ ಜೋಕ್ ನಡೆಯುತ್ತದೆ.

ಮಧ್ಯಾಹ್ನ ಟೈಲರ್‌ಗಳ ಬೀದಿಯಲ್ಲಿ ಝಕರಿಯಾ ತಡೆದ. ಪುಸ್ತಕಗಳಿಗೆ ಚರ್ಮದ ರಟ್ಟು ಕಟ್ಟುವವನು, ಹಳೆಯ ಗೆಳೆಯ, ಹೆಂಡತಿ ತೀರಿಕೊಂಡು ಬಹಳ ದಿನವಾಯಿತು. ಹೊಲಿಗೆ ಮೆಷಿನ್‌ಗಳ ಗದ್ದಲದಲ್ಲಿ ಕೂಗಿಯೇ ಹೇಳಬೇಕಾಯಿತು, ಪಾಪ.

"ಲೇ ಮಹದಿ, ಬೆದ್ರಿಯಾನ ನಂಗೆ ಕೊಡ್ತೀಯೇನೋ? ಅವಳನ್ನ ಒಂದ್ ಮಾತು ಕೇಳು."

"ನೋಡೋಣ ಕಣೋ. ಸೀಸನ್ ಮುಗೀಲಿ."

"ಹೆಣ್ಣು ಕೇಳೋಕೂ ಸೀಸನ್ ಇರುತ್ತೇನೋ?"

ನಕ್ಕು ಜಾರಿಕೊಂಡೆ. ಜನವರಿವರೆಗೆ ರೂಮುಗಳೆಲ್ಲ ಬುಕ್ ಆಗಿವೆ. ನನ್ನವಳು ಹೋದ ಮೇಲೆ ಗೆಸ್ಟ್‌ಹೌಸ್ ನಿಂತಿರುವುದೇ ಬೆದ್ರಿಯಾಳ ಮೇಲೆ. ಆಮೇಲೆ ಹೇಳಿದರಾಯಿತು.

ಅಕ್ಟೋಬರ್ 15
ಹೇಳಲಿಲ್ಲ. ಸಂಜೆ ಬುಟ್ಟಿ ಹೆಣೆಯುವ ಹೆಂಗಸರ ಗುಂಪಿನಿಂದ ಬಂದ ಬೆದ್ರಿಯಾ ಸುಮ್ಮನೆ ಬಾಗಿಲಲ್ಲೇ ನಿಂತಳು. "ಅಣ್ಣಾ, ಏನಾದ್ರೂ ಹೇಳೋದಿತ್ತಾ?" ಹಾಲು ಮುಗಿದಿದೆ ಅಂದೆ. ಛೆ. ಹಾಲು!

ನವೆಂಬರ್ 2
ಇವತ್ತು ನಮ್ಮೂರಿನ ಬಗ್ಗೆ ಬರೆದು ಫೇಸ್‌ಬುಕ್‌ಗೆ ಹಾಕಿದೆ. ಚೆನ್ನಾಗಿಯೇ ಬಂತು. ಒಂದಿಷ್ಟು ಇಲ್ಲಿ ನಕಲು ಮಾಡಿಡುತ್ತೇನೆ:

"ನಮ್ಮ ಓಣಿಗಳು ಎಷ್ಟು ಕಿರಿದೆಂದರೆ ಜಗಳ ಆಡಿದವರೂ ಭುಜ ತಾಗಿಸಿಕೊಂಡೇ ಹೋಗಬೇಕು. ಹಬ್ಬ ಬಂದರೆ ಗೋಡೆಗಳು ಹೊಸ ಬಣ್ಣ ಉಡುತ್ತವೆ, ನೀಲಿ, ಹಸಿರು, ಗುಲಾಬಿ. ಕತ್ತಲಾದರೆ ಕೋಟೆಯ ಕಿಂಡಿಯಿಂದ ಕತ್ತೆಕಿರುಬಗಳು ಒಳಗೆ ಬರುತ್ತವೆ. ನಾವು ಓಡಿಸುವುದಿಲ್ಲ, ದಾರಿ ಬಿಡುತ್ತೇವೆ. ಕಾಫಿ ಹುರಿಯುವ ವಾಸನೆ ಹಿಡಿದು ಕಣ್ಣು ಮುಚ್ಚಿಕೊಂಡೂ ಮಾರ್ಕೆಟ್ಟು ಮುಟ್ಟಬಹುದು. ಇಲ್ಲಿ ಮನೆಗಳೂ ಮಾತಾಡುತ್ತವೆ. ನಮ್ಮ ಮನೆ ಬಾಗಿಲ ಮೇಲೂ ಒಂದು ಜಮಖಾನ ಇದೆ. ಬನ್ನಿ, ನೋಡಿ."

ಫೋಟೋ ಸಮೇತ. ಲೈಕುಗಳ ಸುರಿಮಳೆ. ಬೆದ್ರಿಯಾಗೆ ಓದಿ ಹೇಳಿದೆ. "ಊರನ್ನ ಚೆನ್ನಾಗಿ ಹೊಗಳಿದ್ದೀಯ," ಅಂದಳು. ಅಷ್ಟೇ. ಮುಖ ನೋಡಲಾಗಲಿಲ್ಲ. ಝಕರಿಯಾನ ವಿಷಯ ಬಾಯಿತನಕ ಬಂದು ವಾಪಸ್ ಹೋಯಿತು.

ನವೆಂಬರ್ 30
ಫುಲ್. ಉಸಿರಾಡಲೂ ಪುರುಸೊತ್ತಿಲ್ಲ. ನನಗಲ್ಲ, ಅವಳಿಗೆ. ಬೆಡ್‌ಶೀಟು, ಕಾಫಿ, ಮತ್ತೆ ಬೆಡ್‌ಶೀಟು. ಝಕರಿಯಾನ ಅಂಗಡಿಯ ಓಣಿ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದೇನೆ.

ಜನವರಿ 16
ದಿರೆ ದಾವಾದಿಂದ ಒಬ್ಬ ಹೆಂಗಸಿನ ಫೋನು. ನನ್ನ ಬರಹ ಓದಿದರಂತೆ, ಮಗನ ಜೊತೆ ಭಾನುವಾರ ಮನೆ ನೋಡಲು ಬರುತ್ತಾರಂತೆ. ಓದುಗರು! ಜಂಬ ಬಂತು. ಬೆದ್ರಿಯಾಗೆ ಒಳ್ಳೇ ಕಾಫಿ ಮಾಡು ಅಂದೆ.

ಜನವರಿ 18, ಭಾನುವಾರ
ಬರೆಯಲು ಕೈ ಬರುತ್ತಿಲ್ಲ.

ರೇಷ್ಮೆ ಉಟ್ಟ ತಾಯಿ, ಸೂಟು ಹಾಕಿದ ಮಗ, ಜೊತೆಗೆ ಅವನ ಅತ್ತೆ. ಇಪ್ಪತ್ತೈದೂ ದಾಟಿರಲಾರ. ಕೈಯಲ್ಲಿ ಸಿಹಿಯ ಡಬ್ಬ. ಆಗಲೂ ನನಗೆ ಹೊಳೆಯಲಿಲ್ಲ, ಕೋಟೆಯ ಇತಿಹಾಸ ಶುರು ಮಾಡಿದೆ. ತಾಯಿ ಕೈ ಎತ್ತಿ ನಿಲ್ಲಿಸಿದರು.

"ಅದೆಲ್ಲ ಆಮೇಲೆ ಕೇಳ್ತೀವಪ್ಪ. ಮೊದ್ಲು ಹುಡುಗೀನ ಕರಿ."

ಬೆದ್ರಿಯಾ ಕಾಫಿ ತಟ್ಟೆ ಹಿಡಿದು ನಿಂತಿದ್ದಳು. ಅವಳಿಗೆ ಬಾಗಿಲಲ್ಲೇ ಅರ್ಥವಾಗಿತ್ತು ಅಂತ ಕಾಣುತ್ತದೆ. ಎಲ್ಲರಿಗೂ ಬಗ್ಗಿಸಿದಳು.

"ಹುಡುಗಿ ನಾನೇ ಅಮ್ಮಾ. ನೀವು ಬರೋದು ಸ್ವಲ್ಪ ತಡ ಆಯ್ತು."

ಮಗ ನೆಲ ನೋಡಿದ. ಆ ತಾಯಿ ಎದ್ದು ಬೆದ್ರಿಯಾಳ ಕೆನ್ನೆ ಮುಟ್ಟಿ, ತಪ್ಪಾಯಿತು ಮಗಳೇ ಅಂದರು. ಆಮೇಲೆ ನನ್ನತ್ತ ತಿರುಗಿದರು.

"ನಮ್ಮೋನೇ ಆಗಿ ಬಾಗಿಲ ಜಮಖಾನಾನ ಶೋಕಿಗೆ ಇಟ್ಕೊಂಡಿದೀಯಲ್ಲೋ! ಮನೇಲಿ ಹೆಣ್ಣು ಜೀವ ಇದೆ ಅನ್ನೋ ಜ್ಞಾನ ಬೇಡ್ವಾ?"

ಅವರು ಹೋದ ಮೇಲೆ ಏಣಿ ತಂದು ಜಮಖಾನ ಇಳಿಸಲು ಹೋದೆ. "ಇರ್ಲಿ ಬಿಡು," ಅಂದಳು ಬೆದ್ರಿಯಾ. "ನಾಳೆ ಫ್ರಾನ್ಸಿನೋರು ಬರ್ತಾರಲ್ಲ." ನಾಚಿಕೆಯಿಂದ ಸತ್ತೆ. ಊರನ್ನು ಹೊಗಳಿದ್ದು ನಾನು, ಬೆಲೆ ತೆತ್ತದ್ದು ಅವಳು.

ಜನವರಿ 20
ಝಕರಿಯಾನ ಅಂಗಡಿಗೆ ಹೋದೆ. ಸೀಸನ್ ಹಾಳಾಗಲಿ, ಇವತ್ತೇ ಮಾತು ಕೊಟ್ಟುಬಿಡುತ್ತೇನೆ ಅಂತ. ಬಾಯಿ ತೆರೆಯುವ ಮೊದಲೇ ಸಿಹಿ ಕೊಟ್ಟ.

"ಹುಡುಗಿ ಜಿಜಿಗಾದವಳು. ಶುಕ್ರವಾರ ನಿಕಾ ಆಯ್ತು. ನೀನು ನೋಡೋಣ ಅಂದ್ಯಲ್ಲ... ನಾನೂ ನಿನ್ನ ದಾರೀನೇ ನೋಡ್ದೆ ಮಾರಾಯ. ನೀನು ಓಣೀನೇ ಬದಲಾಯಿಸ್ಬಿಟ್ಟೆ."

ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಸಿಹಿ ಜೇಬಿಗೆ ಹಾಕಿಕೊಂಡು ಹೊರಟೆ.

ಬೆದ್ರಿಯಾಗೆ ಹೇಳಬೇಕು. ಇವತ್ತೇ.

ಜನವರಿ 29
ಇವತ್ತು ಹೇಳಿದೆ. ಅಂಗಳದಲ್ಲಿ ಹುಲ್ಲು ನೆನೆಸಿಕೊಂಡು ಬುಟ್ಟಿ ಹೆಣೆಯುತ್ತಿದ್ದಳು.

"ಝಕರಿಯಾ ನಿನ್ನನ್ನ ಕೇಳಿದ್ದ. ಅಕ್ಟೋಬರ್‌ನಲ್ಲೇ. ನಾನು ನಿಂಗೆ ಹೇಳ್ಲಿಲ್ಲ."

"ಗೊತ್ತು." ತಲೆ ಎತ್ತಲಿಲ್ಲ. "ಅವನ ತಂಗಿ ನಮ್ಮ ಜೊತೇಲೇ ಹೆಣೀತಾಳೆ. ಆಗ್ಲೇ ಹೇಳಿದ್ಲು."

"ಮತ್ತೆ ನೀನ್ಯಾಕೆ ಒಂದ್ ಮಾತು..."

"ನೀನು ಹೇಳ್ತೀಯ ಅಂತ ಕಾದೆ ಅಣ್ಣ. ಬಂದೋರಿಗೆಲ್ಲ ನೀನು ಮನೇಲಿ ಹುಡುಗಿ ಇದ್ದಾಳೆ ಅಂತ ಹೇಳ್ದೆ. ಹುಡುಗಿಗೆ ಮಾತ್ರ, ನಿನ್ನ ಕೇಳ್ಕೊಂಡು ಒಬ್ಬ ಬಂದಿದ್ದ ಅಂತ ಹೇಳ್ಲಿಲ್ಲ."

ಅಲ್ಲಿಂದ ಎದ್ದೆ. ಬಂದು ಇಲ್ಲಿ ಕೂತಿದ್ದೇನೆ.

ಅವಳು ಒಳಗೆ ಬಟ್ಟೆ ಮಡಚುತ್ತಿದ್ದಾಳೆ. ಚಿಕ್ಕಮ್ಮನ ಮನೆಗೆ ಎರಡು ದಿನ ಹೋಗಿ ಬರುತ್ತಾಳಂತೆ. ಎರಡು ದಿನಕ್ಕೆ ಪೆಟ್ಟಿಗೆ ಯಾಕೆ? ಅಮ್ಮನ ಬೆಳ್ಳಿ ಸರವನ್ನೂ ಇಟ್ಟಳು, ಇಲ್ಲಿಂದ ಕಾಣುತ್ತಿದೆ. ಎದ್ದು ಹೋಗಿ ಕೈ ಹಿಡಿದುಕೊಳ್ಳಬೇಕು. ಹೋಗಬೇಡ ಅಂದರೆ ಯಾರಿಗಾಗಿ ಅನ್ನುತ್ತಾಳೆ. ನಿನಗಾಗಿ ಅನ್ನಲು ನನಗೆ ಯಾವ ಬಾಯಿ... ಪೆಟ್ಟಿಗೆ ಮುಚ್ಚಿದಳು. ಈಗಲಾದರೂ ನಾನು ಪೆನ್ನು ಕೆಳಗಿಟ್ಟು