ಕಾರ್ಡ್ ಬರೆದು ಮುಗಿಸುವ ಮೊದಲೇ ಬಿಟ್ಟುಕೊಟ್ಟ ಜಾಗ

ಸ್ಕ್ಯಾನ್ ಯಂತ್ರಗಳಿಗೆ ಅನುಮತಿ ನೀಡುವ ಮಾನ್ಯ ಅಧಿಕಾರಿಗಳೇ,

ಈಗ ಸಂಜೆ ಆರೂವರೆ. ಮಧ್ಯಾಹ್ನ ತೀರಿಹೋದ ಅಕ್ಕನ ಬಟ್ಟೆಗಳನ್ನು ಮಡಿಸಿ ಪೆಟ್ಟಿಗೆಗೆ ತುಂಬುತ್ತಿದ್ದಾಗ ನಿಮ್ಮ ಆದೇಶದ ಪ್ರತಿ ಬಂತು. ಅಕ್ಕನ ಸ್ಕ್ಯಾನ್ ತಪ್ಪಾಗಲು ಯಂತ್ರ ನಡೆಸುತ್ತಿದ್ದ ಹುಡುಗಿಯೇ ಕಾರಣವಂತೆ. ಅವಳನ್ನು ಕೆಲಸದಿಂದ ತೆಗೆಸಿದ್ದೀರಂತೆ. ನನಗೆ ನ್ಯಾಯ ಸಿಕ್ಕಿದೆ ಎಂದೂ ಬರೆದಿದ್ದೀರಿ. ಈ ನ್ಯಾಯ ನನಗೆ ಬೇಡ.

ಸ್ಕ್ಯಾನಿನ ದಿನ ನಾನು ಆ ಕೋಣೆಯ ಬಾಗಿಲಲ್ಲೇ ನಿಂತಿದ್ದೆ. ಯಂತ್ರದ ಮೇಲೆ ಮಲಗುವ ಮುಂಚೆ ಅಕ್ಕ, "ಹೊಟ್ಟೇಲಿ ಬಂಗಾರ ಗಿಂಗಾರ ಸಿಕ್ಕಿದ್ರೆ ಅರ್ಧ ನಿಂಗೆ ಕಣೇ" ಎಂದಳು. "ಹುಡುಕಿ ಕೊಡೋಳು ನಾನು, ನಂಗೇನೂ ಇಲ್ವಾ ಅಮ್ಮಾ?" ಎಂದು ಹುಡುಗಿ ನಕ್ಕಳು. ಸಾಲು ಮೆಟ್ಟಿಲವರೆಗೂ ಇತ್ತು. "ಒಳಗೆ ಹರಟೆ ಹೊಡೀತಿದೀರೇನ್ರೀ?" ಎಂದು ಯಾರೋ ಕೂಗಿದರು. ಅಕ್ಕನ ಸ್ಕ್ಯಾನ್ ಮುಗಿದರೂ ಹಿಂದಿನ ರೋಗಿಯ ಚಿತ್ರ ತೆರೆಯ ಮೇಲೆ ಇನ್ನೂ ಮೂಡುತ್ತಲೇ ಇತ್ತು. ಹುಡುಗಿ ಅದನ್ನು ಮುಚ್ಚಿ ಅಕ್ಕನದನ್ನು ತೆರೆದಳು. ಅಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆ. ಮುಚ್ಚಿದ್ದನ್ನು ಆಮೇಲೆ ಮತ್ತೆ ತೆಗೆಯಬಹುದಲ್ಲ.

ಅಕ್ಕನ ಚಿತ್ರದೊಳಗೆ ಹಿಂದಿನವರ ಲಿವರ್ ಬಂದು ಕೂತಿತ್ತು. ಡಾಕ್ಟರು ಚೆನ್ನಾಗಿದೆ ಎಂದರು. ಅಕ್ಕನ ಲಿವರಿನಲ್ಲಿದ್ದ ಗಡ್ಡೆ ಪತ್ತೆಯಾಗುವ ಹೊತ್ತಿಗೆ ಅದನ್ನು ತೆಗೆಯುವ ಕಾಲ ಮೀರಿತ್ತು.

ಯಂತ್ರದ ಕಂಪನಿಯ ಎಂಜಿನಿಯರು ನಮ್ಮೆದುರು ಹೇಳಿದ್ದನ್ನು ನಿಮ್ಮ ವರದಿಯಲ್ಲಿ ಹುಡುಕಿದೆ. ಎಲ್ಲೂ ಇಲ್ಲ. ಅವರು ಹೇಳಿದ್ದು ಇಷ್ಟು. ಚಿತ್ರ ತೋರಿಸುವ ಪ್ರೋಗ್ರಾಂ ತನ್ನ ಮೆಮೊರಿಯಲ್ಲಿ ಒಂದಿಷ್ಟು ಜಾಗ ಕೊಡುತ್ತದೆ. ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್ ನೇರವಾಗಿ ಅಲ್ಲಿಗೆ ಬರೆಯುತ್ತದೆ. ಬರೆದು ಮುಗಿಯುವ ತನಕ ಆ ಜಾಗ ಬೇರೆಯವರ ಪಾಲಾಗದಂತೆ ಬಿಗಿಯಾಗಿ ಹಿಡಿದಿಡುವುದು ಡ್ರೈವರ್ ಎಂಬ ತಂತ್ರಾಂಶದ ಕೆಲಸ. ಇಲ್ಲಿ ಹುಡುಗಿ ಮುಚ್ಚಿದ ಕೂಡಲೇ ಡ್ರೈವರ್ ಕೈಬಿಟ್ಟಿತು. ಕಾರ್ಡ್ ಬರೆಯುವುದನ್ನು ನಿಲ್ಲಿಸಿದೆಯೇ ಎಂದು ಕೇಳಲೂ ಇಲ್ಲ. ಆ ಜಾಗ ಅಕ್ಕನ ಚಿತ್ರಕ್ಕೆ ಹೋಯಿತು. ಕಾರ್ಡ್ ಪಾಪ, ಅಲ್ಲಿ ಇನ್ನೂ ಹಿಂದಿನ ರೋಗಿಯ ಚಿತ್ರವನ್ನೇ ಬರೆಯುತ್ತಿತ್ತು.

ಮುಚ್ಚುವ ಗುಂಡಿಯನ್ನು ತೆರೆಯ ಮೇಲೆ ಇಟ್ಟವರು ಅದನ್ನು ಯಾರೂ ಒತ್ತುವುದಿಲ್ಲ ಎಂದುಕೊಂಡಿದ್ದರೇ? ನಾಳೆ ಆ ಪ್ರೋಗ್ರಾಂ ತಾನಾಗಿಯೇ ಕೆಟ್ಟು ಮುಚ್ಚಿಕೊಂಡರೆ ಯಾರನ್ನು ಮನೆಗೆ ಕಳಿಸುತ್ತೀರಿ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ವಿದ್ಯೆಗೂ ನಿಮ್ಮಲ್ಲಿ ಪ್ರತ್ಯೇಕ ವಿಭಾಗ ಇದೆಯೇ?

ಸಂಜೆ ಆ ಹುಡುಗಿ ಮನೆಗೆ ಬಂದಿದ್ದಳು. ಹೊಸ್ತಿಲು ದಾಟಲಿಲ್ಲ. "ಅಕ್ಕಾ, ನಾನೇನಾ ಅವರನ್ನ ಕೊಂದಿದ್ದು?" ಎಂದಳು.

"ಒಳಗೆ ಬಾರೇ, ಕೂತ್ಕೋ ಮೊದ್ಲು" ಎಂದೆ. ನೀನಲ್ಲ ಎಂದು ನಾನು ಹೇಳಿದರೆ ಅವಳು ನಂಬುವುದಿಲ್ಲ. ಆದೇಶ ಬರೆದ ನೀವೇ ಹೇಳಬೇಕು.

ಆದ್ದರಿಂದ ಆ ಆದೇಶವನ್ನು ಹಿಂತೆಗೆದುಕೊಳ್ಳಿ. ಕಾರ್ಡ್ ಬರೆಯುವುದನ್ನು ನಿಲ್ಲಿಸಿದ್ದು ಖಚಿತವಾಗುವವರೆಗೆ, ಪ್ರೋಗ್ರಾಂ ಸತ್ತೇ ಹೋದರೂ, ಹಿಡಿದ ಜಾಗವನ್ನು ಬಿಡದ ಡ್ರೈವರಿಗೆ ಮಾತ್ರ ಅನುಮತಿ ಕೊಡಿ. ಚಿತ್ರ ಮೂಡುತ್ತಿರುವಾಗಲೇ ಅರ್ಧದಲ್ಲಿ ಮುಚ್ಚಿ ಮುಚ್ಚಿ ಪರೀಕ್ಷಿಸಿ. ಅಲ್ಲಿಯವರೆಗೆ ಆ ಯಂತ್ರವನ್ನು ನಿಲ್ಲಿಸಿ, ಅದು ಈವರೆಗೆ ಕೊಟ್ಟ ಚಿತ್ರಗಳನ್ನೆಲ್ಲ ಮತ್ತೆ ನೋಡಿಸಿ.

ನಾಳೆ ಬೆಳಗ್ಗೆ ಒಂಬತ್ತಕ್ಕೆ ಆ ಕೋಣೆ ತೆರೆಯುತ್ತದೆ. ಯಂತ್ರ ಅದೇ, ಡ್ರೈವರ್ ಅದೇ. ಹುಡುಗಿ ಮಾತ್ರ ಬೇರೆ.

ಇಂತಿ,
ನೀವು ನ್ಯಾಯ ಕೊಟ್ಟು ಕಳಿಸಿದ ಒಬ್ಬ ತಂಗಿ