ನಾಮಕರಣದ ಕಿತ್ತಳೆ

ತಾಕೊರಾದಿ ಮಾರುಕಟ್ಟೆ, ಮಂಗಳವಾರ

ಅಕ್ಕಾ,

ನಿನ್ನ ಮಗುವಿನ ನಾಮಕರಣಕ್ಕೆಂದು ನಿನ್ನೆ ಲಾರಿಯಲ್ಲಿ ಕಳಿಸಿದ ಕಿತ್ತಳೆಯನ್ನು ಇದನ್ನು ಪೂರ್ತಿ ಓದುವ ತನಕ ಯಾರಿಗೂ ಕೊಡಬೇಡ.

ಇಲ್ಲಿ ಸಕ್ಕರೆಯ ಬೆಲೆ ಕೇಳುವ ಹಾಗಿಲ್ಲ. ಹಾಗಾಗಿ ನೀನು ಕಳಿಸಿದ ಕೆಂಪು ಅಸಾ ಹಣ್ಣನ್ನು ಗಿರಾಕಿಗಳಿಗೆ ಚೀಪಲು ಕೊಟ್ಟು, ಆಮೇಲೆ ಹುಳಿಗಂಜಿ ಬಡಿಸುತ್ತೇನೆ. ಅಸಾ ಚೀಪಿದ ನಾಲಿಗೆಗೆ ಹುಳಿಯೆಲ್ಲ ಸಿಹಿಯಲ್ಲವೇ, ಅವರಿಗೆ ಅದು ಪಾಯಸ! ನಂಬಲಿ ಎಂದು ನಾನೂ ಒಂದು ಚೀಪುತ್ತೇನೆ. ಎಡವಿದ್ದು ಅಲ್ಲೇ.

ನಿನ್ನೆ ಹಾಗೆ ಚೀಪಿದ ಮೇಲೆ ಪಕ್ಕದ ಹಣ್ಣಿನಂಗಡಿಯ ಕೊನಾದು ಒಂದು ಕಿತ್ತಳೆ ಸುಲಿದು ಕೊಟ್ಟಳು. ಜೇನೇ ಜೇನು! ಚೌಕಾಸಿಯನ್ನೂ ಮಾಡದೆ ಮೂಟೆ ಎತ್ತಿಸಿದೆ. ಇವತ್ತು ಬೆಳಿಗ್ಗೆ ಅಸಾ ಚೀಪದೆ ಬರಿಬಾಯಲ್ಲಿ ಅವಳ ಅಂಗಡಿಯ ಅದೇ ಹಣ್ಣನ್ನು ಕಚ್ಚಿದರೆ ಕಣ್ಣಲ್ಲಿ ನೀರು ಬಂತು.

"ಏನೇ ಕೊನಾದು, ಇಷ್ಟು ಹುಳಿ?" ಎಂದೆ.

"ನಿಂಗೊತ್ತಿರ್ಲಿಲ್ವಾ? ಇದನ್ನ ಯಾರೂ ಮುಟ್ತಿರ್ಲಿಲ್ಲ ಕಣೆ. ನೀನ್ ಬಂದು ಕೂತ್ಮೇಲೆ ನನ್ ಅಂಗಡೀಲೂ ಜನವೋ ಜನ! ನಿನ್ ಕಾಲ್ಗುಣ ಅಂದ್ಕೊಂಡೆ," ಎಂದು ನಕ್ಕಳು.

ಬೇರೆ ಹಣ್ಣು ಕೊಳ್ಳಲು ಕೈಯಲ್ಲಿ ಕಾಸಿಲ್ಲ. ತವರಿನಿಂದ ಹುಳಿ ಬಂತೆಂದು ನಿನ್ನ ಅತ್ತೆ ಹಂಗಿಸದೆ ಬಿಡುವವರಲ್ಲ. ಅದಕ್ಕೇ ಹಿತ್ತಲಿನ ಅಸಾ ಗಿಡದಲ್ಲಿರುವ ಹಣ್ಣನ್ನೆಲ್ಲ ಕಿತ್ತಿಡು. ಬಂದವರಿಗೆ ಬಾಗಿಲಲ್ಲೇ ಒಂದೊಂದು ಚೀಪಲು ಕೊಟ್ಟು, ಆಮೇಲೆ ಕಿತ್ತಳೆ ಕೊಡು. ಅದರ ಮಾಯೆ ಊಟ ಮುಗಿಯುವ ತನಕವಾದರೂ ಇರುತ್ತದೆ.

ಹಲ್ಲು ಜುಮ್ಮೆನ್ನುವುದು ಬಿಟ್ಟರೆ ನಾನು ಆರಾಮ. ಅಂಚೆಯನ್ನು ನಂಬದೆ ಕಾರ್ಡನ್ನು ಬಸ್ಸಿನವನ ಕೈಲಿ ಕೊಡುತ್ತಿದ್ದೇನೆ, ಅವನು ಹಾರನ್ ಹೊಡೆಯುತ್ತಿದ್ದಾನೆ.

ನಿನ್ನ ತಂಗಿ,
ಸೆರ್ವಾ

ಅತ್ತೆ ಹೊರಡುವಾಗ ಎಷ್ಟೇ ಕೇಳಲಿ, ದಾರಿಗೆಂದು ಒಂದು ಕಿತ್ತಳೆಯನ್ನೂ ಕಟ್ಟಿಕೊಡಬೇಡ.