ಬದುಕಿರುವವರ ಹೆಸರು

ಅಕ್ಟೋಬರ್ 21, ಬೆಳಿಗ್ಗೆ 7

ಮೂರನೇ ಕಾಫಿ. ಕೊನೆಯ ದೃಶ್ಯ ಮತ್ತೆ ತಿದ್ದಿದೆ — ಹದಿನಾಲ್ಕನೇ ಸಲ. ಹತ್ತಕ್ಕೆ ರಿಹರ್ಸಲ್. ನಿರ್ದೇಶಕ ಬೆನೆಡೆಕ್ ಬೈಯುತ್ತಾನೆ. ಬೈಯಲಿ. ಇಪ್ಪತ್ತು ವರ್ಷ ಟೀವಿ ಧಾರಾವಾಹಿಗೆ ಅತ್ತೆ-ಸೊಸೆ ಜಗಳ ಬರೆದು ಹೊಟ್ಟೆ ಹೊರೆದವಳು ನಾನು. ಐವತ್ತೆಂಟಕ್ಕೆ ಬುಡಾಪೆಸ್ಟಿನ ದೊಡ್ಡ ರಂಗಮಂದಿರದಲ್ಲಿ ಮೊದಲ ನಾಟಕ. ಒಂದು ಸಾಲೂ ಸಡಿಲ ಇರಬಾರದು.

ಅಕ್ಟೋಬರ್ 22, ಮಧ್ಯಾಹ್ನ

ಪೋಸ್ಟರ್ ಅಂಟಿಸಿದ್ದಾರೆ. ಕಪ್ಪು ಹಿನ್ನೆಲೆ, ಬಿಳಿ ಅಕ್ಷರ: ಸಿಡೋನಿಯಾ. ಕೆಳಗೆ ಸಣ್ಣದಾಗಿ ಹಾವಾಶ್ ನೋಯೇಮಿ. ನಾನೇ! ಟ್ರಾಮ್ ಸ್ಟಾಪಿನಲ್ಲಿ ಯಾರೂ ಇಲ್ಲದ್ದು ನೋಡಿ ಬೆರಳಲ್ಲಿ ಮುಟ್ಟಿದೆ.

ಮನೆಗೆ ಬಂದರೆ ಸಿಡೋನಿಯಾ ದೊಡ್ಡಮ್ಮನ ಫೋನ್, ಅವಳೂ ಪೋಸ್ಟರ್ ನೋಡಿದ್ದಾಳೆ. ಅಮ್ಮನ ಅಕ್ಕ, ಎಂಬತ್ತಾರು ವರ್ಷ. ನಾಟಕದ ಕಥೆ ಅವಳದೇ. 1944ರಲ್ಲಿ ಆರು ವರ್ಷದ ಯಹೂದಿ ಮಗು. ಪಿರೋಷ್ಕಾ ಅಂತ ಸುಳ್ಳು ಹೆಸರಿನ ಕಾಗದ ಮಾಡಿಸಿ ಹಳ್ಳಿಯ ಕ್ರೈಸ್ತರ ಮನೆಯಲ್ಲಿ ಅಡಗಿಸಿಟ್ಟಿದ್ದರು. ಎಲ್ಲ ಅವಳೇ ಹೇಳಿದ್ದು, ಬರೆಯೇ ಅಂದದ್ದೂ ಅವಳೇ. ಹೆಸರೂ ಅವಳದನ್ನೇ ಇಟ್ಟದ್ದು ಮಾತ್ರ ಹೇಳಿರಲಿಲ್ಲ. ಖುಷಿಯಾಗಲಿ ಅಂತ...

“ನಾನು ಸತ್ತೆ ಅಂತ ನಿನಗೆ ಯಾರು ಹೇಳಿದ್ರೇ?”

ಫೋನ್ ಕುಕ್ಕಿದಳು.

ಅಕ್ಟೋಬರ್ 24

ದೊಡ್ಡಮ್ಮನ ಮನೆಗೆ ಹೋಗಿದ್ದೆ. ಅಡುಗೆಮನೆಯಲ್ಲಿ ವಾಲ್‌ನಟ್ ಒಡೆಯುತ್ತಿದ್ದಳು. ಒಂದೊಂದು ಏಟೂ ನನಗೇ ಬಿದ್ದ ಹಾಗೆ.

“ಬದುಕಿರೋರ ಹೆಸರು ಕೂಸಿಗೂ ಇಡಲ್ಲ ನಮ್ಮಲ್ಲಿ. ಸಾವಿನ ದೂತ ಹೆಸರು ಕೇಳ್ಕೊಂಡು ಬರ್ತಾನೆ. ಇಬ್ಬರಿದ್ರೆ ಯಾರನ್ನೋ ಎತ್ಕೊಂಡು ಹೋಗ್ತಾನೆ. ನಿಮ್ಮಮ್ಮ ಇಷ್ಟೂ ಕಲಿಸ್ಲಿಲ್ವಾ?”

“ಹಂದಿಮಾಂಸ ತಿಂತೀಯ. ದೇವರೇ ಇಲ್ಲ ಅಂತೀಯ. ಇದನ್ನ ಮಾತ್ರ ನಂಬ್ತೀಯಾ ದೊಡ್ಡಮ್ಮ?”

“ದೇವರ ವಿಷಯ ಬೇರೆ ಕಣೇ. ಅವನು ಬರದೇ ಇರಬಹುದು. ಇವನು ಬಂದೇ ಬರ್ತಾನೆ.”

ನಕ್ಕುಬಿಟ್ಟೆ. ನಗಬಾರದಿತ್ತು.

“ನಗು, ನಗು. ಪೋಸ್ಟರಾ ಅದು? ಗೋರಿಕಲ್ಲು! ಊರ ತುಂಬ ನೆಟ್ಟಿದ್ದೀಯ.” ಆಮೇಲೆ ದನಿ ತಗ್ಗಿತು. “ಒಂದು ಸಲ ನನ್ನ ಹೆಸರು ಕಿತ್ಕೊಂಡಿದ್ರು. ಎಂಟು ತಿಂಗಳು. ವಾಪಸ್ ತಗೊಂಡೆ. ಈಗ ನೀನೂ ತಗೊಂಡೆ, ಒಂದು ಮಾತು ಕೇಳದೆ.”

ಅವಳು ಹೇಳಿದ್ದು ಸರಿ.

ಅಕ್ಟೋಬರ್ 25

ಬೆನೆಡೆಕ್ ಕೂಗಾಡಿದ. “ಹೆಸರು ಬದಲಿಸೋದಾ? ತಲೆ ನೆಟ್ಟಗಿದೆಯಾ ನೋಯೇಮಿ? ಇಡೀ ನಾಟಕ ಆ ಒಂದು ಹೆಸರಿಗೆ ಕಾಯುತ್ತೆ!”

ನಿಜ. ಕೊನೆಯ ದೃಶ್ಯ: ಯುದ್ಧ ಮುಗಿದಿದೆ. ಅಂಗಳದಲ್ಲಿ ಒಬ್ಬ ಹೆಂಗಸು, “ಮಗೂ, ನಿನ್ನ ಹೆಸರೇನು?” ಹುಡುಗಿ ಪಿರೋಷ್ಕಾ ಅನ್ನಲು ಬಾಯಿ ತೆರೆದು ತಡೆಯುತ್ತಾಳೆ. ಆಮೇಲೆ ತನ್ನ ಹೆಸರು ಹೇಳುತ್ತಾಳೆ. ಕತ್ತಲು.

ಬದಲಿಸುವುದಿಲ್ಲ. ದೊಡ್ಡಮ್ಮನ ಕೋಪ ಎಷ್ಟು ದಿನ? ಇಳಿಯುತ್ತದೆ.

ನವೆಂಬರ್ 4

ಇಳಿದಿಲ್ಲ. ಹತ್ತು ದಿನ. ಫೋನ್ ಎತ್ತುವುದಿಲ್ಲ. ಬಾಗಿಲು ತೆಗೆಯುವುದಿಲ್ಲ, ಒಳಗೆ ರೇಡಿಯೋ ಮಾತ್ರ ಕೇಳಿಸುತ್ತದೆ. ನಮ್ಮ ವಂಶದಲ್ಲಿ ಉಳಿದಿರುವುದು ನಾವಿಬ್ಬರೇ. ನಾಟಕ ಗೆದ್ದು ಅವಳನ್ನು ಕಳೆದುಕೊಂಡರೆ ಆ ಗೆಲುವು ಯಾರ ಮುಂದೆ ಹೇಳಿಕೊಳ್ಳಲಿ?

ಬದಲಿಸಿದೆ. ಹುಡುಗಿ ಈಗ ಹೆರ್ಮಿನಾ. ಪೋಸ್ಟರಿನ ಮೇಲೆ ಪಟ್ಟಿ ಅಂಟಿಸುತ್ತಾರಂತೆ. ಬೆನೆಡೆಕ್ ಮಾತು ಬಿಟ್ಟಿದ್ದಾನೆ. ಹುಡುಗಿಯ ಪಾತ್ರದ ಲಿಲ್ಲಾ ನಾಲ್ಕು ಸಲ ಹೇಳಿ ನೋಡಿದಳು. “ಬಾಯಲ್ಲಿ ಕಲ್ಲಿಟ್ಕೊಂಡ ಹಾಗಿದೆ ನೋಯೇಮಿ.”

ನನಗೂ ಹಾಗೇ. ದೊಡ್ಡಮ್ಮನ ಬಾಗಿಲ ಸಂದಿಯಲ್ಲಿ ಚೀಟಿ ತೂರಿಸಿ ಬಂದೆ — ಹೆಸರು ತೆಗೆದಿದ್ದೇನೆ. ಹತ್ತನೇ ತಾರೀಕು ಪೂರ್ತಿ ರಿಹರ್ಸಲ್. ಬಾ.

ನವೆಂಬರ್ 10, ಸಂಜೆ

ಕೋಟು ಇನ್ನೂ ಬಿಚ್ಚಿಲ್ಲ. ಮೊದಲು ಇದನ್ನು ಬರೆಯಬೇಕು.

ಬಂದಳು. ತಲೆಗೆ ಹಸಿರು ಟೋಪಿ, ಕೈಯಲ್ಲಿ ಗಸಗಸೆ-ವಾಲ್‌ನಟ್ ಕೇಕಿನ ಡಬ್ಬಿ. ನನ್ನ ಜೊತೆ ಮಾತಿಲ್ಲ. ಆರನೇ ಸಾಲಿನಲ್ಲಿ ಕೂತು ಎರಡು ಗಂಟೆ ಅಲುಗಲಿಲ್ಲ. ಕೊನೆಯ ದೃಶ್ಯ. ಮಗೂ, ನಿನ್ನ ಹೆಸರೇನು? ಲಿಲ್ಲಾ ಬಾಯಿ ತೆರೆದಳು. ತಡೆದಳು.

“ಹೆರ್ಮಿನಾ.”

“ಅಲ್ಲ!”

ದೊಡ್ಡಮ್ಮ ಎದ್ದು ನಿಂತಿದ್ದಳು. ಟೋಪಿ ಓರೆಯಾಗಿತ್ತು. “ಅಲ್ಲ ಕಣಮ್ಮ! ಎಂಟು ತಿಂಗಳು ಬಾಯಿ ಮುಚ್ಕೊಂಡಿದ್ದು ಹೆರ್ಮಿನಾ ಅನ್ನೋಕಾ? ಸರಿಯಾಗಿ ಹೇಳು!”

ಲಿಲ್ಲಾ ನನ್ನ ಕಡೆ ನೋಡಿದಳು. ತಲೆಯಾಡಿಸಿದೆ.

“ಸಿಡೋನಿಯಾ.”

“ಇನ್ನೂ ಜೋರಾಗಿ!”

“ಸಿಡೋನಿಯಾ!”

ದೊಡ್ಡಮ್ಮ ಕೂತಳು. ಕೇಕಿನ ಡಬ್ಬಿ ಎದೆಗೆ ಒತ್ತಿಕೊಂಡು ಗಳಗಳ ಅತ್ತಳು. ನಾನೂ. ಬೆನೆಡೆಕ್ ಕೂಡ — ಒಪ್ಪಿಕೊಳ್ಳುವುದಿಲ್ಲ, ನೆಗಡಿ ಅನ್ನುತ್ತಾನೆ.

“ಮತ್ತೆ ಸಾವಿನ ದೂತ?” ಅಂದೆ, ಟ್ಯಾಕ್ಸಿಯಲ್ಲಿ.

“ಅವನಿಗೊಂದು ದಾರಿ ಇದೆ. ನೀನು ಗುರುವಾರ ಬೆಳಿಗ್ಗೆ ಬಿಡುವು ಮಾಡ್ಕೋ.”

ನವೆಂಬರ್ 14, ಗುರುವಾರ

ನಲವತ್ತು ವರ್ಷದ ಮೇಲೆ ದೊಡ್ಡಮ್ಮ ನಮ್ಮ ಪ್ರಾರ್ಥನಾಮಂದಿರಕ್ಕೆ, ಸಿನಗಾಗಿಗೆ ಬಂದಳು, ಹೆಸರು ಬದಲಿಸಿಕೊಳ್ಳಲು. ಕಾಯಿಲೆ ಬಿದ್ದವರಿಗೆ ಮಾಡುವ ಹಳೆಯ ಪದ್ಧತಿ. ಹೊಸ ಹೆಸರಿಟ್ಟರೆ ದೂತನಿಗೆ ವಿಳಾಸ ಸಿಗುವುದಿಲ್ಲ ಅಂತ.

ಅಲ್ಲಿನ ಗುರು ರಬ್ಬಿಗೆ ಪೇಚಾಟ. “ಅಮ್ಮಾ, ನೀವು ಗಟ್ಟಿಮುಟ್ಟಾಗಿದ್ದೀರಲ್ಲ!”

“ಎಂಬತ್ತಾರೇ ಒಂದು ಕಾಯಿಲೆ ಕಣಪ್ಪ. ಶುರು ಮಾಡು.”

ವಿಧಿಗೆ ಬೇಕಾದ ಹತ್ತು ಜನ ಗಂಡಸರು ಸೇರಿದ್ದರು, ಪ್ರಾರ್ಥನೆ ಓದಿದರು. ಈಗ ದೊಡ್ಡಮ್ಮ ಹಯಾ. ಹಯಾ ಅಂದರೆ ಬದುಕು.

ಹೊರಗೆ ಮೆಟ್ಟಿಲ ಮೇಲೆ ಕೇಳಿದೆ, ಬೇಜಾರಿಲ್ವಾ?

“ಅವತ್ತು ಅವರು ಕಿತ್ಕೊಂಡ್ರು. ಇವತ್ತು ನಾನೇ ಕೊಟ್ಟೆ. ಆ ಹುಡುಗಿ ದಿನಾ ಸಾಯಂಕಾಲ ತುಂಬಿದ ಜನದ ಮುಂದೆ ಅದನ್ನ ಕೂಗ್ತಾಳೆ. ನನಗಾಗ ಹಾಸಿಗೆಯೊಳಗೆ ಪಿಸುಗುಟ್ಟೋಕೂ ಆಗ್ತಿರ್ಲಿಲ್ಲ, ನೋಯೇಮಿ.”

ಅಪ್ಪಿಕೊಂಡೆ. ಬಿಡಿಸಿಕೊಂಡು, ಹಸಿವು ಅಂದಳು.

ನವೆಂಬರ್ 17, ಬೆಳಿಗ್ಗೆ 9

ಗೆದ್ದೆವು! ನಿನ್ನೆ ಮೊದಲ ಪ್ರದರ್ಶನ. ಒಂದು ಸೀಟೂ ಖಾಲಿ ಇರಲಿಲ್ಲ. ಕೊನೆಯ ದೃಶ್ಯದಲ್ಲಿ ರಂಗದ ಕಡೆ ನೋಡಲೇ ಇಲ್ಲ, ಮೊದಲ ಸಾಲಿನ ದೊಡ್ಡಮ್ಮನನ್ನು ನೋಡಿದೆ. ಲಿಲ್ಲಾ ಹೆಸರು ಕೂಗಿದಾಗ ಅವಳು ಕಣ್ಣು ಮುಚ್ಚಿ ನಗುತ್ತಿದ್ದಳು. ಆಮೇಲೆ ಚಪ್ಪಾಳೆ... ಹನ್ನೊಂದು ನಿಮಿಷ. ಬೆನೆಡೆಕ್ ಗಡಿಯಾರ ನೋಡಿಕೊಂಡಿದ್ದ. ಜನ ಎದ್ದು ನಿಂತು ನನ್ನ ಹೆಸರು ಕರೆದರು. ಹುಚ್ಚಿಯ ಹಾಗೆ ಕೈ ಬೀಸಿದೆ.

ಪತ್ರಿಕೆಯ ಹುಡುಗಿ ಓಡಿಬಂದು ದೊಡ್ಡಮ್ಮನಿಗೆ, “ನೀವೇನಾ ಸಿಡೋನಿಯಾ?”

“ಅವಳು ಅಲ್ಲಿ, ರಂಗದ ಮೇಲೆ. ನಾನು ಹಯಾ.”

ಈಗ ತಾನೇ ದೊಡ್ಡಮ್ಮ ಫೋನ್ ಮಾಡಿದ್ದಳು. ನನ್ನ ಬಗ್ಗೆ ಇನ್ನೊಂದು ನಾಟಕ ಬರಿ ಅಂತ.

“ಬರೆದಾಯ್ತಲ್ಲ ದೊಡ್ಡಮ್ಮ!”

“ಅದು ಸಿಡೋನಿಯಾಳದು. ಹಯಾಳ ಕಥೆ ಯಾರು ಬರೀತಾರೆ?”

“ಬದುಕಿರೋರ ಹೆಸರು ಇಡಬಾರದಲ್ವಾ?”

“ಹಿಂದಿನದಕ್ಕೆ ಹನ್ನೊಂದು ವರ್ಷ ತಗೊಂಡೆ. ಇದಕ್ಕೂ ಅಷ್ಟು ಬೇಕಲ್ಲ, ಮುಗಿಸು, ಆಮೇಲೆ ನೋಡೋಣ. ನಾನಂತೂ ಕಾಯ್ತೀನಿ.”

ಹೊಸ ನೋಟ್‌ಬುಕ್ ತೆಗೆದಿದ್ದೇನೆ.

ಅಂಕ ಒಂದು. ಬೆಳಗಿನ ಹೊತ್ತು, ಸಿನಗಾಗಿಯ ಮೆಟ್ಟಿಲು. ಒಬ್ಬ ಹೆಂಗಸು, ವಯಸ್ಸು ಐದು ನಿಮಿಷ. ಅವಳಿಗೆ ಹಸಿವಾಗಿದೆ. ಅವಳು —